ಆ ವಿಮಾನಕ್ಕೆ ಹೆಸರೇ ಇರಲಿಲ್ಲ

ಪ್ರಶ್ನೆ: ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿ ಅಪಘಾತದಲ್ಲಿ ಸತ್ತ ವಿಮಾನದ ಹೆಸರು ‘ಅಮೆರಿಕನ್ ಪೈ’ ಅಂತೆ. ಅಲ್ಲಿನದೇ ಗಾಯಕ ಡಾನ್ ಮೆಕ್ಲೀನ್ ಅವರ ಹಾಡಿಗೆ ಆ ಹೆಸರು ಬಂದದ್ದು ಅದರಿಂದಲೇ ಅಂತೆ. ನಿಜವೇ?

ಉತ್ತರ: ಅಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೋದ ಸಲ ಹೀಗೆ ಒಂದೇ ಮಾತಿನಲ್ಲಿ ಮುಗಿಸಿದ್ದಕ್ಕೆ ಒಬ್ಬರು ಜಗಳಕ್ಕೇ ನಿಂತರು. “ನಿಮಗೆ ಗೊತ್ತಿಲ್ಲ ಸಾರ್, ಇದೇ ಉತ್ತರಕ್ಕೆ ಕಾಲೇಜ್ ಕ್ವಿಜ್‌ನಲ್ಲಿ ನನಗೆ ಹತ್ತು ಪಾಯಿಂಟ್ ಕೊಟ್ಟಿದ್ದಾರೆ” ಅಂದರು. ಕೊಟ್ಟಿರಬಹುದು. ಕೊಟ್ಟವರಿಗೂ ಗೊತ್ತಿರಲಿಲ್ಲ, ಅಷ್ಟೆ. ಫೆಬ್ರವರಿ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಉದ್ದಕ್ಕೇ ಹೇಳಿಬಿಡುತ್ತೇನೆ.

ಕಥೆ ನಿಮಗೆ ಗೊತ್ತೇ ಇದೆ, ಹಾಗಾಗಿ ಚುಟುಕಾಗಿ. 1959ರ ಚಳಿಗಾಲ. ಅಮೆರಿಕದ ಉತ್ತರ ಭಾಗದಲ್ಲಿ ‘ವಿಂಟರ್ ಡ್ಯಾನ್ಸ್ ಪಾರ್ಟಿ’ ಎಂಬ ಸಂಗೀತ ಪ್ರವಾಸ. 24 ದಿನ, 24 ಊರು. ಬಸ್ಸಿನ ಹೀಟರ್ ಕೆಟ್ಟು, ಡ್ರಮ್ ಬಾರಿಸುವ ಹುಡುಗನ ಕಾಲು ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಿದ್ದ. ಫೆಬ್ರವರಿ 2ರ ರಾತ್ರಿ ಅಯೋವಾ ರಾಜ್ಯದ ಕ್ಲಿಯರ್ ಲೇಕ್‌ನಲ್ಲಿ, ಸರ್ಫ್ ಬಾಲ್‌ರೂಮ್‌ನಲ್ಲಿ ಕಾರ್ಯಕ್ರಮ. ಮುಂದಿನ ಊರು 500 ಕಿಲೋಮೀಟರಿಗಿಂತ ಜಾಸ್ತಿ ದೂರ. ಹಾಲಿಗೆ ಆ ಬಸ್ಸಿನ ಸಹವಾಸ ಸಾಕಾಗಿತ್ತು. ಪಕ್ಕದ ಮೇಸನ್ ಸಿಟಿಯಿಂದ ತಲೆಗೆ 36 ಡಾಲರ್‌ನಂತೆ ಪುಟ್ಟ ವಿಮಾನ ಗೊತ್ತು ಮಾಡಿದ. ರಾತ್ರಿ ಒಂದು ಗಂಟೆ ಹೊತ್ತಿಗೆ ಹೊರಟ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದಕ್ಕೆ ಬಿತ್ತು. ಅದರಲ್ಲಿದ್ದ ಮೂವರು ಗಾಯಕರೂ ಸತ್ತರು. ಹಾಲಿಗೆ 22 ವರ್ಷ. ರಿಚಿ ವ್ಯಾಲೆನ್ಸ್‌ಗೆ 17. ‘ಬಿಗ್ ಬಾಪರ್’ ಎಂದೇ ಹೆಸರಾದ ಜೆ. ಪಿ. ರಿಚರ್ಡ್‌ಸನ್‌ಗೆ 28.

ಈಗ ವಿಮಾನ. ಅದು ಬೀಚ್‌ಕ್ರಾಫ್ಟ್ ಕಂಪನಿಯ ಬೊನಾಂಜಾ. 1947ರಲ್ಲಿ ತಯಾರಾದದ್ದು. ಒಂದೇ ಎಂಜಿನ್, ನಾಲ್ಕೇ ಸೀಟು. ಅದರ ನೋಂದಣಿ ಗುರುತು ‘ಎನ್ 3794 ಎನ್’. ನಮ್ಮ ಕಾರಿನ ನಂಬರ್ ಪ್ಲೇಟ್ ಇದ್ದ ಹಾಗೆ. ಅಪಘಾತದ ತನಿಖೆ ಮಾಡಿದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ತನ್ನ ವರದಿಯಲ್ಲಿ ವಿಮಾನವನ್ನು ಗುರುತಿಸಿದ್ದು ಆ ನಂಬರಿನಿಂದಲೇ. ಅದು ಬಾಡಿಗೆಗೆ ಓಡಾಡುವ ವಿಮಾನ. ನಮ್ಮ ಆಟೋಗಳ ಹಿಂದೆ ‘ತಂದೆ ತಾಯಿ ಆಶೀರ್ವಾದ’ ಅಂತ ಬರೆಸುತ್ತೇವಲ್ಲ, ಅದರ ಮೈಮೇಲೆ ಅಷ್ಟನ್ನೂ ಯಾರೂ ಬರೆಸಿರಲಿಲ್ಲ.

ಜನ ನಂಬುವುದಕ್ಕೂ ಒಂದು ಕಾರಣ ಇದೆ, ಒಪ್ಪುತ್ತೇನೆ. ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್‌ಗಳಿಗೆ ಹೆಸರಿರುತ್ತಿತ್ತು. ಹಿರೋಶಿಮಾ ಮೇಲೆ ಬಾಂಬ್ ಹಾಕಿದ ‘ಎನೋಲಾ ಗೇ’ ನೆನಪಿದೆಯಲ್ಲ. ಹಾಗಾಗಿ ಈ ವಿಮಾನಕ್ಕೂ ಒಂದು ಹೆಸರಿದ್ದೀತು ಅನ್ನಿಸುತ್ತದೆ. ಅನ್ನಿಸಿದ್ದೆಲ್ಲ ನಿಜ ಆಗಬೇಕಲ್ಲ.

ಇನ್ನು ಇಸವಿ ನೋಡಿ. ವಿಮಾನ ಬಿದ್ದದ್ದು 1959ರಲ್ಲಿ. ಹಾಡು ಬಂದದ್ದು 1971ರಲ್ಲಿ. ನಡುವೆ ಹನ್ನೆರಡು ವರ್ಷ. ಹಾಡಿನ ಜೊತೆ ಹುಟ್ಟಿದ ಹೆಸರನ್ನು ಅದಕ್ಕೂ ಮೊದಲೇ ಬಿದ್ದ ವಿಮಾನಕ್ಕೆ ಇಡುವುದು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಅಪಘಾತದ ದಿನ ಮೆಕ್ಲೀನ್ 13 ವರ್ಷದ ಹುಡುಗ, ನ್ಯೂಯಾರ್ಕ್ ರಾಜ್ಯದ ನ್ಯೂ ರಶೆಲ್‌ನಲ್ಲಿ ಮನೆಮನೆಗೆ ಪೇಪರ್ ಹಾಕುತ್ತಿದ್ದ. ಮುಂದೆ ಬೆಳೆದು ಎಂಟೂವರೆ ನಿಮಿಷದ ಹಾಡು ಕಟ್ಟಿದರು. ಸಿಂಗಲ್ ರೆಕಾರ್ಡಿನಲ್ಲಿ ಅದು ಒಂದೇ ಮಗ್ಗುಲಲ್ಲಿ ಹಿಡಿಸದೆ ಎರಡು ಮಗ್ಗುಲಿಗೆ ಹಂಚಿಕೊಂಡಿತು. ಆಲ್ಬಮ್ಮನ್ನು ಬಡ್ಡಿ ಹಾಲಿಗೇ ಅರ್ಪಿಸಿದರು. ಆದರೆ ಹಾಡಿನಲ್ಲಿ ಸತ್ತ ಮೂವರ ಹೆಸರು ಎಲ್ಲೂ ಇಲ್ಲ. ಹೆಸರಿಲ್ಲದ ಕಡೆ ಕೇಳುಗರು ಸುಮ್ನೆ ಕೂರುವುದಿಲ್ಲ, ಒಂದೊಂದು ಪದಕ್ಕೂ ಒಂದೊಂದು ಅರ್ಥ ಹಚ್ಚುತ್ತಾರೆ. ‘ಪೈ’ ಅಂದರೇನು? ನಮ್ಮ ಮಂಗಳೂರು ಕಡೆಯ ಪೈಗಳಂತೂ ಅಲ್ಲ. ಹಣ್ಣಿನ ಹೂರಣ ತುಂಬಿ ಬೇಯಿಸುವ ತಿಂಡಿ ಅದು. ತಿಂಡಿ ಅಂದರೆ ಸಪ್ಪೆ ಅನ್ನಿಸಿತೋ ಏನೋ, ಯಾರೋ ಅದನ್ನು ವಿಮಾನ ಮಾಡಿಬಿಟ್ಟರು.

ಸ್ವತಃ ಮೆಕ್ಲೀನ್ ಇದನ್ನು ಅಲ್ಲಗಳೆದಿದ್ದಾರೆ. ಆ ಪದ ಹುಟ್ಟಿಸಿದ್ದು ನಾನೇ, ವಿಮಾನಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದಿದ್ದಾರೆ. ಹಡೆದವರ ಮಾತಿಗಿಂತ ಕ್ವಿಜ್ ಮಾಸ್ತರರ ಮಾತು ದೊಡ್ಡದೇ?

“ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ” ಅನ್ನುತ್ತೀರಿ, ಗೊತ್ತು. ಹಾಡಿನಿಂದ ಘಟನೆಗೆ ಒಂದು ಹೆಸರು ಹೋದದ್ದು ನಿಜ. ಆ ದಿನವನ್ನು ಈಗ ಎಲ್ಲರೂ ‘ಸಂಗೀತ ಸತ್ತ ದಿನ’ ಅನ್ನುತ್ತಾರಲ್ಲ, ಅದು ಇದೇ ಹಾಡಿನ ಮಾತು. 1959ರಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಸರೂ ಹೋಗಿ ವಿಮಾನಕ್ಕೆ ಅಂಟಿಕೊಂಡಿತು.

ಇಷ್ಟೆಲ್ಲ ವಿಮಾನದ ಹೆಸರು ಕೇಳುವವರು ಅದನ್ನು ಓಡಿಸಿದವನ ಹೆಸರು ಕೇಳಿದ್ದೇ ಇಲ್ಲ. ಅವನ ಹೆಸರು ರಾಜರ್ ಪೀಟರ್ಸನ್. ವಯಸ್ಸು 21, ಹಾಲಿಗಿಂತಲೂ ಚಿಕ್ಕವನು. ಅವನೂ ಅಲ್ಲೇ ಸತ್ತ.

ಕಣ್ಣಿಗೆ ಹೊರಗೆ ಕಾಣುವಾಗ ಮಾತ್ರ ವಿಮಾನ ಓಡಿಸಲು ಅವನಿಗೆ ಅರ್ಹತೆ ಇತ್ತು. ಬರೀ ಉಪಕರಣ ನೋಡಿಕೊಂಡು ಓಡಿಸುವ ಪರೀಕ್ಷೆಯಲ್ಲಿ ಅದಕ್ಕೂ ಮೊದಲೇ ಫೇಲಾಗಿದ್ದ. ಆ ರಾತ್ರಿ ಮೋಡ, ತೆಳ್ಳಗೆ ಹಿಮ, ಕೆಳಗೆ ಕತ್ತಲು ತುಂಬಿದ ಹೊಲಗಳು. ನೆಲ ಯಾವುದು ಬಾನು ಯಾವುದು ತಿಳಿಯದ ಹೊತ್ತು. ಅದರ ಮೇಲೆ ಇನ್ನೊಂದು ತೊಡಕು. ವಿಮಾನದ ಮೂತಿ ಮೇಲಿದೆಯೋ ಕೆಳಗಿದೆಯೋ ತೋರಿಸುವ ಉಪಕರಣ ಈ ಬೊನಾಂಜಾದಲ್ಲಿ ಹಳೇ ಮಾದರಿಯದು. ಅವನು ಕಲಿತಿದ್ದ ಉಪಕರಣ ಹೇಗೆ ತೋರಿಸುತ್ತಿತ್ತೋ ಇದು ಅದಕ್ಕೆ ತಿರುಗಾಮುರುಗಾ. ಕೆಳಗಿಳಿಯುತ್ತಿದ್ದರೂ ಮೇಲೇರುತ್ತಿದ್ದೇನೆ ಎಂದು ಅವನು ತಿಳಿದಿರಬಹುದು ಎಂದಿತು ತನಿಖೆ. ಹವಾಮಾನದ ಎರಡು ಎಚ್ಚರಿಕೆಗಳು ಹೊರಟಿದ್ದವು. ಅವನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ತನಿಖೆ ಮುಖ್ಯ ತಪ್ಪನ್ನು ಪೈಲಟ್ ಮೇಲೇ ಹೊರಿಸಿದರೂ ಈ ಲೋಪವನ್ನೂ ಬರೆದಿಟ್ಟಿತು.

ಹೊಲದಲ್ಲಿ ಹಾಲಿಯ ಪಿಸ್ತೂಲು ಸಿಕ್ಕಿತು, ಒಳಗೆ ಗುಂಡು ಹಾರಿರಬೇಕು ಎಂಬ ಗುಲ್ಲು ಬೇರೆ. 2007ರಲ್ಲಿ ರಿಚರ್ಡ್‌ಸನ್ ಶವವನ್ನು ಹೊರತೆಗೆದು ಪರೀಕ್ಷಿಸಿದರು. ಗುಂಡಿನ ಗುರುತೇ ಇರಲಿಲ್ಲ. ಅದಕ್ಕೆ ಇಷ್ಟು ಸಾಕು.

ವಿಮಾನ ಬಿದ್ದ ಹೊಲದಲ್ಲಿ 1988ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಸ್ಟೀಲಿನ ಗಿಟಾರು, ಪಕ್ಕದಲ್ಲಿ ಸ್ಟೀಲಿನ ಮೂರು ರೆಕಾರ್ಡು. ಮೂರೇ. ಪೀಟರ್ಸನ್‌ಗೆ ಅಲ್ಲಿ ಒಂದು ಸ್ಮಾರಕ ಆದದ್ದು 2009ರಲ್ಲಿ, ಅವನು ಸತ್ತು ಐವತ್ತು ವರ್ಷಕ್ಕೆ. ಗಿಟಾರು ಮಾಡಿದ್ದ ಕೆನ್ ಪ್ಯಾಕೆಟ್ ಎಂಬವನೇ ಅದನ್ನೂ ಮಾಡಿಕೊಟ್ಟ.