‘ಯಾರ ಹಾಲು ಡಾಕ್ಟ್ರೇ?’

ನಮ್ಮ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ಐಸಿಯು ಬಾಗಿಲಲ್ಲಿ ಒಬ್ಬ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. ಮೊಮ್ಮಗ ಹುಟ್ಟಿ ಎರಡು ದಿನ. 29 ವಾರಕ್ಕೇ ಹೆರಿಗೆ, ತೂಕ 1,080 ಗ್ರಾಂ. ಸೊಸೆಗೆ ಬಿಪಿ ಏರಿ, ಸಿಸೇರಿಯನ್ ಆಗಿ, ಇನ್ನೂ ಐಸಿಯುನಲ್ಲೇ ಇದ್ದಳು. ಎದೆಹಾಲು ಬಂದಿರಲಿಲ್ಲ. ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲನ್ನು ಕೂಡಿಡುವ ಮಿಲ್ಕ್ ಬ್ಯಾಂಕ್‌ನ ಹಾಲು ಕೊಡೋಣ ಅಂತ ಮಗುವಿನ ಅಪ್ಪನ ಕೈಗೆ ಒಪ್ಪಿಗೆ ಪತ್ರ ಕೊಟ್ಟಿದ್ದೆ. ಅವರು ಪೆನ್ನು ಹಿಡಿದುಕೊಂಡು ಅಮ್ಮನ ಮುಖ ನೋಡುತ್ತಾ ನಿಂತಿದ್ದರು.

“ಯಾರ ಹಾಲು ಡಾಕ್ಟ್ರೇ?” ಅಂದರು ಅಜ್ಜಿ.

ರೋಗ ಗೀಗ ಇರುವವರದ್ದಲ್ಲ ತಾನೇ ಅನ್ನುವುದು ಆ ಪ್ರಶ್ನೆಯ ಮೇಲಿನ ಅರ್ಥ. ಒಳಗಿನದ್ದು, ಯಾವ ಜನ ಅಂತ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಮೊದಲನೆಯದಕ್ಕೆ ನನ್ನ ಹತ್ತಿರ ಉದ್ದದ ಉತ್ತರವಿದೆ. ಹಾಲು ಕೊಡುವ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗಿರಬೇಕು. ಬೀಡಿ, ಸಿಗರೇಟು, ಕುಡಿತ ಇರಬಾರದು. ಯಾವ ಮಾತ್ರೆ ನುಂಗುತ್ತಿದ್ದಾಳೆ ಅಂತಲೂ ಕೇಳುತ್ತೇವೆ. ಬಂದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು, ಕೂಡಲೇ ತಣ್ಣಗೆ ಮಾಡುತ್ತಾರೆ. ಇದೇ ಪಾಶ್ಚರೀಕರಣ. ಇದು ಒಲೆ ಮೇಲೆ ಉಕ್ಕಿಸಿದ ಹಾಗಲ್ಲ. ಕುದಿಸಿದರೆ ಒಳ್ಳೆಯದೂ ಸಾಯುತ್ತದೆ. ಆಮೇಲೆ ಸ್ವಲ್ಪ ಹಾಲನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಆ ಹಾಲು ಸಿಂಕಿಗೆ. ಪಾಸಾದದ್ದು ಮೈನಸ್ 20 ಡಿಗ್ರಿಯ ಫ್ರೀಜರ್‌ಗೆ.

ಎರಡನೆಯದಕ್ಕೆ ಉತ್ತರ ಚಿಕ್ಕದು. “ಅಜ್ಜಿ, ನಿನ್ನೆ ರಾತ್ರಿ ಸೊಸೆಗೆ ಎರಡು ಬಾಟ್ಲಿ ರಕ್ತ ಏರಿಸಿದ್ವಲ್ಲ, ಅದು ಯಾರದ್ದು ಅಂತ ಕೇಳಿದ್ರಾ?” ಅಜ್ಜಿ ಮಾತಾಡಲಿಲ್ಲ. ಮಗ ಸಹಿ ಹಾಕಿದರು.

ಎಲ್ಲ ಮನೆಯಲ್ಲೂ ಹೀಗೆ ಒಂದು ಮಾತಿಗೆ ಮುಗಿಯುವುದಿಲ್ಲ. ಒಂದೇ ತಾಯಿಯ ಹಾಲು ಕುಡಿದ ಮಕ್ಕಳು ಒಡಹುಟ್ಟಿದವರ ಹಾಗೆ, ಅವರ ನಡುವೆ ಮದುವೆ ಆಗುವಂತಿಲ್ಲ ಅನ್ನುವ ನಿಯಮ ಮುಸ್ಲಿಮರಲ್ಲಿದೆ. ಬ್ಯಾಂಕಿನಲ್ಲಿ ಹಲವು ತಾಯಂದಿರ ಹಾಲು ಬೆರೆಸುವುದೂ ಉಂಟು. ಅವರ ಆತಂಕವನ್ನು ತಮಾಷೆ ಮಾಡದೆ ಕೂತು ಮಾತಾಡಬೇಕು.

ಪುಡಿ ಹಾಲು ಕೊಟ್ಟರೆ ಆಗಲ್ವಾ? ತಿಂಗಳು ತುಂಬಿ ಹುಟ್ಟಿದ ಮಗುವಾದರೆ ಇಷ್ಟು ಗಾಬರಿ ಬೇಡ. ಒಂದು ಕಿಲೋ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ. ಎನ್‌ಇಸಿ ಅಂತ ಒಂದು ಕಾಯಿಲೆ ಇದೆ. ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಬರುತ್ತದೆ, ಕರುಳೇ ಕೊಳೆಯುತ್ತದೆ. ದಾನದ ಎದೆಹಾಲಿಗೆ ಹೋಲಿಸಿದರೆ ಪುಡಿ ಹಾಲಿನಲ್ಲಿ ಈ ಅಪಾಯ ಹತ್ತಿರಹತ್ತಿರ ದುಪ್ಪಟ್ಟು. ಹಾಗಂತ ದಾನದ ಹಾಲೇ ಎಲ್ಲಕ್ಕಿಂತ ಮೇಲು ಅಂತಲ್ಲ. ಬಿಸಿ ಮಾಡಿದಾಗ ಒಂದಷ್ಟು ಸತ್ವ ಹೋಗುತ್ತದೆ, ತೂಕ ಸ್ವಲ್ಪ ನಿಧಾನವಾಗಿ ಏರುತ್ತದೆ. ಹೆತ್ತ ತಾಯಿಯ ಹಾಲಿಗೆ ಸಾಟಿ ಇಲ್ಲ.

“ಇಷ್ಟೇ ಇಷ್ಟು ಹಾಲು ಕೊಟ್ಟು ಏನಾಗುತ್ತೆ ಮೇಡಂ?” ಅಂತ ಬಾಣಂತಿಯರು ಕೇಳುತ್ತಾರೆ. ಲೆಕ್ಕ ನೋಡಿ. ಈ ಮಗುವಿಗೆ ನಾವು ಶುರು ಮಾಡಿದ್ದು ಎರಡು ಗಂಟೆಗೊಮ್ಮೆ 2 ಮಿಲಿ, ನಳಿಕೆಯಲ್ಲಿ. ದಿನಕ್ಕೆ 24 ಮಿಲಿ. ಕರಗಿಸಿದ ಹಾಲನ್ನು 24 ಗಂಟೆಯೊಳಗೆ ಮುಗಿಸಬೇಕು. ಅಂದರೆ 120 ಮಿಲಿಯ ಒಂದು ಬಾಟಲಿ ಇಂಥ ಐದು ಮಕ್ಕಳಿಗೆ ಒಂದು ದಿನದ ಊಟ. ಎದೆ ಕಲ್ಲಿನಂತೆ ಗಟ್ಟಿಯಾಗಿ ಹಾಲು ಕಟ್ಟಿಕೊಂಡಾಗ ಹಿಂಡಿ ಗಿಡದ ಬುಡಕ್ಕೆ ಸುರಿದೆ ಅಂತ ಒಬ್ಬಳು ಹೇಳಿದ್ದಳು. ಎಷ್ಟು ಅಂತ ಕೇಳಿದೆ. ಒಂದು ಲೋಟ ಅಂದಳು. ನನ್ನ ಹೊಟ್ಟೆ ಉರಿಯಿತು!

ನಮ್ಮ ಮಗುವಿಗೆ ಕಮ್ಮಿಯಾದರೆ ಅನ್ನುವ ಭಯ ಅತ್ತೆಯಂದಿರಿಗೆ ಜಾಸ್ತಿ. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ. ಆದರೂ ನಮ್ಮ ನಿಯಮ ಒಂದೇ: ಸ್ವಂತ ಮಗು ಕುಡಿದು ತೂಕ ಏರುತ್ತಿರಬೇಕು, ಮಿಕ್ಕಿದ್ದನ್ನಷ್ಟೇ ಕೊಡಬೇಕು. ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಎದೆಹಾಲು ಮಾರುವಂತಿಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವರಿಂದ ಸುಮ್ನೆ ಬಾಟಲಿ ಇಸಿದುಕೊಂಡು ಕುಡಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಪರೀಕ್ಷೆಯೂ ಇಲ್ಲ, ಪಾಶ್ಚರೀಕರಣವೂ ಇಲ್ಲ.

ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಮಿಲ್ಕ್ ಬ್ಯಾಂಕ್ ತೆರೆದದ್ದು 1989ರಲ್ಲಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗೂ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೂ ಅದು ಬಂದದ್ದು 2022ರಲ್ಲಿ. ಇಷ್ಟು ತಡವಾಯಿತಲ್ಲ ಅಂತ ನನಗೆ ಈಗಲೂ ಬೇಸರ.

ಆ ಸೊಸೆಗೆ ಐಸಿಯುನಲ್ಲೇ ನಮ್ಮ ನರ್ಸ್ ಮೂರು ಗಂಟೆಗೊಮ್ಮೆ ಹಾಲು ಹಿಂಡುವುದನ್ನು ಕಲಿಸುತ್ತಿದ್ದಳು. ಹಿಂಡಲು ಶುರು ಮಾಡಿದ ಮೊದಲ ಎರಡು ದಿನ ಬರೀ ಹನಿ. ಹಳದಿ ಗಿಣ್ಣು, ಸಿರಿಂಜಿನಲ್ಲಿ ಹಿಡಿದು ಮಗುವಿನ ಬಾಯಿಗೆ ಸವರಿದೆವು. ಐದನೇ ದಿನ ಬೆಳಿಗ್ಗೆ 15 ಮಿಲಿ ಬಂತು. ಸ್ಟೀಲ್ ಬಟ್ಟಲು ಹಿಡಿದು ಐಸಿಯುನಿಂದ ನಮ್ಮ ಬಾಗಿಲಿಗೆ ನಡೆದು ಬಂದದ್ದು ಅದೇ ಅಜ್ಜಿ. ಚಾರ್ಟಿನಲ್ಲಿ ಬ್ಯಾಂಕ್ ಹಾಲು ಅಂತಿದ್ದ ಕಡೆ ಗೆರೆ ಎಳೆದು, ‘ತಾಯಿ ಹಾಲು’ ಅಂತ ಬರೆದೆ.