ಡಯೋಡ್ 0.58 ತೋರಿಸಿದರೆ ಕೆಟ್ಟಿದೆ ಅಂತಲಾ?

ಪ್ರಶ್ನೆ: ಪುಸ್ತಕದಲ್ಲಿ ಸಿಲಿಕಾನ್ ಡಯೋಡ್‌ಗೆ 0.7 ವೋಲ್ಟ್ ಅಂತ ಇದೆ. ನಮ್ಮನೆ ಮಲ್ಟಿಮೀಟರ್‌ನಲ್ಲಿ 1ಎನ್4007 ಅನ್ನುವ ಸಿಲಿಕಾನ್ ಡಯೋಡ್ ಇಟ್ಟರೆ 0.58 ಬರುತ್ತದೆ. ತಿರುಗಿಸಿ ಇಟ್ಟರೆ ಓಎಲ್. ಡಯೋಡ್ ಕೆಟ್ಟಿದೆಯಾ, ಇಲ್ಲ ಮೀಟರೇ ಸರಿಯಿಲ್ಲವಾ?
– ಪಿಯುಸಿ ವಿದ್ಯಾರ್ಥಿ, ಶಿರಸಿ

ಎರಡೂ ಸರಿ ಇವೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ; ಓಎಲ್ ಅಂದರೆ ಆ ಕಡೆ ಕರೆಂಟ್ ಹರಿಯುತ್ತಿಲ್ಲ ಅಂತ. ಒಂದು ಕಡೆ 0.58, ಇನ್ನೊಂದು ಕಡೆ ಓಎಲ್ ಅಂದರೆ ಒಳ್ಳೆಯ ಡಯೋಡ್. ಗೊಂದಲ ಇರುವುದು ಆ 0.7ರಲ್ಲಿ. ಎಷ್ಟು ಕರೆಂಟ್ ಹರಿದಾಗ 0.7 ಅನ್ನುವುದನ್ನು ಹೇಳದೆ ಬರೀ ಆ ಸಂಖ್ಯೆ ಕಲಿಸುವುದು ನನಗೆ ಸರಿ ಕಾಣುವುದಿಲ್ಲ.

ಮೀಟರಿನ ಗುಂಡಿಯನ್ನು ಡಯೋಡ್ ಗುರುತಿಗೆ ತಿರುಗಿಸಿ ಇಟ್ಟಾಗ ಮೀಟರ್ ತಾನೇ ಸ್ವಲ್ಪ ಕರೆಂಟ್ ಹರಿಸುತ್ತದೆ, ಸಾಮಾನ್ಯವಾಗಿ 1 ಮಿಲಿಆಂಪಿಯರ್ ಆಸುಪಾಸು. ಆಗ ಡಯೋಡ್‌ನ ಎರಡು ಕಾಲುಗಳ ನಡುವೆ ಇರುವ ವೋಲ್ಟೇಜನ್ನು ತೋರಿಸುತ್ತದೆ. ಅದೇ 1ಎನ್4007ರಲ್ಲಿ 1 ಆಂಪಿಯರ್ ಹರಿಸಿದರೆ ವೋಲ್ಟೇಜ್ 1ರ ಹತ್ತಿರ ಹೋಗುತ್ತದೆ.

ಇದನ್ನು ನೀವೇ ಮಾಡಿ ನೋಡಿ. 9 ವೋಲ್ಟ್ ಬ್ಯಾಟರಿ, ಜೊತೆಗೆ 1ಕೆ, 10ಕೆ, 100ಕೆ ರೆಸಿಸ್ಟರ್ ಒಂದೊಂದು ಸಾಕು (1ಕೆ ಅಂದರೆ 1000 ಓಮ್). ಬ್ಯಾಟರಿಯ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಡಯೋಡ್, ಬೆಳ್ಳಿ ಪಟ್ಟಿ ಇರುವ ಕಾಲು ಮೈನಸ್‌ಗೆ. ರೆಸಿಸ್ಟರ್ ಇಲ್ಲದೆ ಮಾತ್ರ ಜೋಡಿಸಬೇಡಿ. ಮೊದಲು ರೆಸಿಸ್ಟರ್ ಮೇಲಿನ ವೋಲ್ಟೇಜ್ ಅಳೆದು ಅದರ ಓಮ್‌ನಿಂದ ಭಾಗಿಸಿ, ಕರೆಂಟ್ ಸಿಗುತ್ತದೆ. ಎರಡನೇ ಮೀಟರ್ ಬೇಡ. ಆಮೇಲೆ ಡಯೋಡ್ ಮೇಲಿನ ವೋಲ್ಟೇಜ್ ಅಳೆಯಿರಿ. 100ಕೆ ಹಾಕಿದಾಗ ಕರೆಂಟ್ ಸುಮಾರು 0.085 ಮಿಲಿಆಂಪಿಯರ್, 10ಕೆಗೆ 0.84, 1ಕೆಗೆ 8.4. ಪ್ರತಿ ಸಲ ಕರೆಂಟ್ ಹತ್ತು ಪಟ್ಟು ಏರಿತು, ಅಲ್ವಾ? ವೋಲ್ಟೇಜ್ ಮಾತ್ರ 60ರಿಂದ 120 ಮಿಲಿವೋಲ್ಟ್‌ನಷ್ಟೇ ಏರುತ್ತದೆ. ರೆಸಿಸ್ಟರ್ ಆಗಿದ್ದರೆ ವೋಲ್ಟೇಜೂ ಹತ್ತು ಪಟ್ಟಾಗುತ್ತಿತ್ತು. ಮೂರು ಚುಕ್ಕೆ ಗ್ರಾಫ್ ಹಾಳೆಯಲ್ಲಿ ಇಟ್ಟರೆ ಜಂಕ್ಷನ್ನಿನ, ಅಂದರೆ ಡಯೋಡ್ ಒಳಗೆ ಎರಡು ಬಗೆಯ ಸಿಲಿಕಾನ್ ಕೂಡುವ ಜಾಗದ, ಗುಣ ಕಣ್ಣಿಗೇ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟದ ಪ್ರಯೋಗ.

ಇನ್ನೊಂದು ಸಂಗತಿ ಬಿಸಿ. ಕರೆಂಟ್ ಅಷ್ಟೇ ಇದ್ದರೂ ಒಂದು ಡಿಗ್ರಿ ಏರಿದರೆ ಸಿಲಿಕಾನ್ ಜಂಕ್ಷನ್ನಿನ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ನಿಮ್ಮ ಶಿರಸಿಯ ಚಳಿಯಲ್ಲಿ ಡಯೋಡ್‌ನ ಕಪ್ಪು ಮೈಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಅಂಕೆ ಇಳಿಯುವುದು ಕಾಣುತ್ತದೆ. ಮೇ ಮಧ್ಯಾಹ್ನ ಕಾರವಾರದಲ್ಲಿ ಇದನ್ನೇ ಮಾಡಿದರೆ ಜಾಸ್ತಿ ಏನೂ ಆಗುವುದಿಲ್ಲ. ಕೋಣೆಯೇ ಬೆರಳಿನಷ್ಟು ಬಿಸಿ ಇರುತ್ತದೆ.

ಕೆಟ್ಟದ್ದನ್ನು ಗುರುತಿಸುವುದು ಸುಲಭ. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್ ಆಗಿದೆ, ಎರಡೂ ಕಡೆ ಓಎಲ್ ಬಂದರೆ ಒಳಗೆ ಕಡಿದಿದೆ. 0.2ರ ಆಸುಪಾಸು ಬಂದರೆ ಸುಮ್ನೆ ಎಸೆಯಬೇಡಿ. 1ಎನ್5819ರಂಥ ಶಾಟ್ಕಿ ಡಯೋಡ್‌ಗೆ (ಲೋಹ ಮತ್ತು ಸಿಲಿಕಾನ್ ಕೂಡಿಸಿ ಮಾಡಿದ ಬಗೆ) ಅದೇ ಸರಿಯಾದ ಅಂಕೆ. ಕರಾವಳಿಯ ಗಾಳಿಗೆ ಕಾಲು ಕಿಲುಬು ಹಿಡಿದಿದ್ದರೆ ಮೊದಲು ಉಜ್ಜಿಕೊಳ್ಳಿ. ಬೋರ್ಡಿನಲ್ಲೇ ಅಳೆಯುವುದಾದರೆ ಪ್ಲಗ್ ತೆಗೆದು, ಕೆಪಾಸಿಟರ್ ಖಾಲಿಯಾಗಿದೆಯೇ ನೋಡಿ, ಡಯೋಡ್‌ನ ಒಂದು ಕಾಲನ್ನು ಬೆಸುಗೆ ಬಿಡಿಸಿ ಮೇಲೆತ್ತಿ. ಇಲ್ಲದಿದ್ದರೆ ಪಕ್ಕದ ದಾರಿಯಲ್ಲಿ ಹೋಗುವ ಕರೆಂಟನ್ನೂ ಸೇರಿಸಿ ಅಳೆದಂತಾಗುತ್ತದೆ.