ಮಲ್ಟಿಪ್ಲೆಕ್ಸ್‌ಗಳನ್ನು ಕೇಳಲಿಲ್ಲ, ಚಾನೆಲ್‌ಗಳನ್ನು ಕೇಳಿದರು. ಯಾಕೆ?

ಪ್ರಶ್ನೆ: ಪಿವಿಆರ್, ಐನಾಕ್ಸ್ ಒಂದಾದಾಗ ಸರ್ಕಾರ ಸುಮ್ಮನಿತ್ತು. ರಿಲಯನ್ಸ್, ಡಿಸ್ನಿ ಟಿವಿ ವ್ಯವಹಾರ ಸೇರಿದಾಗ ಮಾತ್ರ ಷರತ್ತು ಹಾಕಿತು. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯವೇ?

ಹಾಗೆ ಅನ್ನಿಸುವುದು ಸಹಜ. ಆದರೆ ಈ ವ್ಯತ್ಯಾಸಕ್ಕೆ ಕಾರಣ ಕಾನೂನಿನಲ್ಲಿದ್ದ ಒಂದು ಸಂದು.

ಕಂಪನಿಗಳು ಒಂದಾದರೆ ಪೈಪೋಟಿಗೆ ಪೆಟ್ಟು ಬೀಳುತ್ತದಾ ಎಂದು ನೋಡುವ ಕೆಲಸ ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗದ್ದು. 2011ರ ಜೂನ್ 1ರಿಂದ, ದೊಡ್ಡ ಕಂಪನಿಗಳು ಸೇರುವ ಮೊದಲೇ ಅದರ ಒಪ್ಪಿಗೆ ಪಡೆಯಬೇಕು. ‘ಮೊದಲೇ’ ಅನ್ನುವುದೇ ಇಲ್ಲಿ ಜೀವಾಳ. ದೋಸೆ ಹಿಟ್ಟು ರುಬ್ಬಿದ ಮೇಲೆ ಅಕ್ಕಿ, ಉದ್ದು ಬೇರೆ ಮಾಡು ಅಂದರೆ ಆಗುತ್ತದಾ? ಸಿಬ್ಬಂದಿ, ಸಾಲ, ಕರಾರು ಎಲ್ಲ ಬೆರೆತ ಕಂಪನಿಯೂ ಹಾಗೇ.

ಆದರೆ ಚಿಕ್ಕ ಕಂಪನಿಗಳಿಗೆ ವಿನಾಯಿತಿ ಇದೆ. 2022ರ ಮಾರ್ಚ್‌ನಲ್ಲಿ ಈ ಎರಡು ಮಲ್ಟಿಪ್ಲೆಕ್ಸ್ ಸಂಸ್ಥೆಗಳು ಒಂದಾಗುವುದಾಗಿ ಹೇಳಿದಾಗ, ಕಂಪನಿಯ ವರ್ಷದ ವಹಿವಾಟು 1000 ಕೋಟಿ ರೂಪಾಯಿ ದಾಟದಿದ್ದರೆ ಒಪ್ಪಿಗೆ ಬೇಕಿರಲಿಲ್ಲ. ಕೋವಿಡ್‌ನಿಂದ ಥಿಯೇಟರ್‌ಗಳು ತಿಂಗಳುಗಟ್ಟಲೆ ಬೀಗ ಹಾಕಿದ್ದವು. ವಹಿವಾಟು ಪಾತಾಳಕ್ಕೆ ಇಳಿದಿತ್ತು. ಹಾಗಾಗಿ 871 ಪರದೆಗಳ ಪಿವಿಆರ್, 675 ಪರದೆಗಳ ಐನಾಕ್ಸ್ ಕಾಗದದ ಮೇಲೆ ‘ಚಿಕ್ಕ’ ವ್ಯವಹಾರವಾಯಿತು! ಒಂದು ಗ್ರಾಹಕ ಸಂಘಟನೆ ದೂರು ಕೊಟ್ಟಿತು. ಮುಂದೆ ತೊಂದರೆ ಆಗಬಹುದು ಅನ್ನುವ ಆತಂಕದ ಮೇಲೆ ತನಿಖೆ ಮಾಡಲಾಗದು ಎಂದು ಆಯೋಗ ಅದನ್ನು ತಳ್ಳಿಹಾಕಿತು. 2023ರ ಫೆಬ್ರವರಿಯಲ್ಲಿ ವಿಲೀನ ಮುಗಿಯಿತು.

ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹುಬ್ಬಳ್ಳಿಯವರಿಗೆ ಜಯನಗರದ ಥಿಯೇಟರ್ ಖಾಲಿ ಇದ್ದರೆಷ್ಟು, ಬಿಟ್ಟರೆಷ್ಟು? ಟಿಕೆಟ್ ದುಬಾರಿಯಾದರೆ ಜನ ಹೋಗುವುದು ಅದೇ ಊರಿನ ಇನ್ನೊಂದು ಥಿಯೇಟರ್‌ಗೆ. ಆ ಇನ್ನೊಂದೂ ಅದೇ ಕಂಪನಿಯದಾದರೆ? ಊರೂರು ಹಿಡಿದು ಈ ಲೆಕ್ಕ ನೋಡುವ ಕೆಲಸ ಆಗಲೇ ಇಲ್ಲ.

ಟಿವಿ ವಿಷಯದಲ್ಲಿ ಆಯಿತು. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಆ ವ್ಯವಹಾರ ಸುಮಾರು 70 ಸಾವಿರ ಕೋಟಿಯದು. ನಮ್ಮ ಮನೆಯ ರಿಮೋಟ್‌ನಲ್ಲೇ ನೋಡಿ: ಕಲರ್ಸ್ ಕನ್ನಡ ಆಗ ರಿಲಯನ್ಸ್ ಕಡೆಯದು, ಸ್ಟಾರ್ ಸುವರ್ಣ ಡಿಸ್ನಿ ಕಡೆಯದು ಆಗಿತ್ತು. ಐಪಿಎಲ್ ಇನ್ನೂ ಗಂಭೀರ. 2023ರಿಂದ 2027ರವರೆಗಿನ ಟಿವಿ ಹಕ್ಕನ್ನು ಡಿಸ್ನಿಯ ಸ್ಟಾರ್ 23,575 ಕೋಟಿಗೆ, ಮೊಬೈಲ್ ಹಕ್ಕನ್ನು ರಿಲಯನ್ಸ್ ಕಡೆಯ ವಯಾಕಾಮ್18 23,758 ಕೋಟಿಗೆ ಕೊಂಡಿದ್ದವು. ಎರಡೂ ಒಂದೇ ಕೈಗೆ ಬಂದರೆ ಜಾಹೀರಾತು ಕೊಡುವವರ ಪಾಡೇನು? ದಾವಣಗೆರೆಯ ಸೀರೆ ಅಂಗಡಿಯವರಿಗೆ ಮೊಬೈಲ್‌ನಲ್ಲಿ ಹತ್ತು ಸೆಕೆಂಡ್ ಸಾಕು ಅಂದುಕೊಳ್ಳಿ. ‘ಟಿವಿಯದ್ದೂ ತಗೊಂಡರೆ ಮಾತ್ರ ಕೊಡ್ತೀವಿ’ ಅಂದರೆ ಅವರು ಇನ್ನೆಲ್ಲಿ ಹೋಗಬೇಕು?

ಅದಕ್ಕೇ 2024ರ ಆಗಸ್ಟ್ 28ರಂದು ಒಪ್ಪಿಗೆ ಸಿಕ್ಕಿದ್ದು ಷರತ್ತಿನ ಮೇಲೆ. ಏಳು ಚಾನೆಲ್ ಬಿಟ್ಟುಕೊಡಬೇಕು. ಕ್ರಿಕೆಟ್ ಜಾಹೀರಾತಿನಲ್ಲಿ ಟಿವಿಗೆ ಮೊಬೈಲ್ ಕಟ್ಟಿ ಮಾರುವಂತಿಲ್ಲ. ದರವನ್ನೂ ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ.

ಆ ಹಳೇ ಸಂದಿಗೆ ಈಗ ಒಂದಿಷ್ಟು ತೇಪೆ ಬಿದ್ದಿದೆ. 2024ರ ಸೆಪ್ಟೆಂಬರ್ 10ರಿಂದ, ವ್ಯವಹಾರದ ಬೆಲೆ 2000 ಕೋಟಿ ಮೀರಿದ್ದು ಕಂಪನಿಗೆ ಇಲ್ಲಿ ಗಣನೀಯ ವ್ಯಾಪಾರ ಇದ್ದರೆ, ವಹಿವಾಟು ಎಷ್ಟೇ ಕಡಿಮೆ ಇರಲಿ, ಆಯೋಗದ ಬಾಗಿಲು ತಟ್ಟಲೇಬೇಕು. ಅರ್ಜಿ ಇತ್ಯರ್ಥಕ್ಕೆ ಗರಿಷ್ಠ 150 ದಿನ. ಮೊದಲ ನೋಟಕ್ಕೇ ಅನುಮಾನ ಬಂದು ವಿಚಾರಣೆ ಮುಂದುವರಿದರೆ, ವಿವರಗಳನ್ನು ಪ್ರಕಟಿಸುವಂತೆ ಆಯೋಗ ಕಂಪನಿಗಳಿಗೆ ಹೇಳುತ್ತದೆ. ಆಗ ನೀವೂ ಆಕ್ಷೇಪಣೆ ಬರೆದು ಕಳಿಸಬಹುದು.